ಮೂರನೆಯ ದೋಸೆ

ಅಕ್ಕನ ಮನೆಯಲ್ಲಿ ತಿಂಡಿಗೆ ಕುಳಿತಿದ್ದೆವು. ಕಾವಲಿಯಿಂದ ಮೂರನೆಯ ದೋಸೆ ಬರುವ ಹೊತ್ತಿಗೆ ಅಕ್ಕ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಏಳು ತಿಂಗಳಿಂದ ಅವಳು ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧವನ್ನು ಚುಚ್ಚಿಕೊಳ್ಳುತ್ತಿದ್ದಾಳೆ. ಹನ್ನೊಂದು ಕಿಲೋ ಇಳಿದಿದೆ. "ಮೊದಲೆಲ್ಲ ಊಟ ಮುಗಿಯುವ ಮುಂಚೆಯೇ ಮುಂದಿನ ತಿಂಡಿಯ ಯೋಚನೆ ಗುನುಗುತ್ತಿತ್ತು. ಈಗ ತಲೆ ನಿಶ್ಶಬ್ದ. ಆದರೆ ಇದನ್ನು ನಿಲ್ಲಿಸಿದ ಮೇಲೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ಇರುವ ಉತ್ತರ ಹಿತವಾದದ್ದಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಈ ಔಷಧ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿದಿತ್ತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು.

ತೂಕ ಮತ್ತೆ ಏರಿದವರನ್ನು ಕಂಡರೆ "ಬಾಯಿ ಕಟ್ಟಲು ಆಗಲಿಲ್ಲ" ಎನ್ನುತ್ತೇವೆ. ಇದು ತೀರಾ ಅನ್ಯಾಯದ ಮಾತು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಸಂಗ್ರಹ ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವುದು ಅದೇ. ಕೊಬ್ಬು ಕರಗಿದರೆ ಲೆಪ್ಟಿನ್ ಕುಸಿಯುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ದೇಹ ಬರಗಾಲ ಬಂದಂತೆ ಖರ್ಚು ಬಿಗಿಹಿಡಿಯುತ್ತದೆ. ಪಥ್ಯದಿಂದ ತೂಕ ಇಳಿಸಿಕೊಂಡವರಲ್ಲಿ ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ ಎಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದರು. ವರ್ಷಗಟ್ಟಲೆ ಹೀಗೆ ಕೂಗುವ ಹಸಿವಿನ ಎದುರು ಛಲವೊಂದೇ ಎಷ್ಟು ದಿನ ನಿಂತೀತು?

ಸೆಮಾಗ್ಲುಟೈಡ್ ಆ ಕೂಗನ್ನು ತಗ್ಗಿಸುತ್ತದೆ. ಉಂಡಾಗ ನಮ್ಮ ಕರುಳೇ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸಿ "ಸಾಕು" ಎಂದು ಮಿದುಳಿಗೆ ಹೇಳುತ್ತದೆ, ಆದರೆ ಅದು ಒಂದೆರಡು ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಅದನ್ನೇ ಅನುಕರಿಸುವ ಈ ಔಷಧದ ಪ್ರಮಾಣ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಚುಚ್ಚುಮದ್ದು ನಿಂತರೆ ಕೆಲವೇ ವಾರಗಳಲ್ಲಿ ಅದು ದೇಹದಿಂದ ಹೊರಹೋಗುತ್ತದೆ, ಹಳೆಯ ಹಸಿವು ಹಾಗೆಯೇ ಎದ್ದು ಕೂರುತ್ತದೆ. ರಕ್ತದೊತ್ತಡದ ಮಾತ್ರೆಯಂತೆ ಕೆಲವರಿಗೆ ಇದು ದೀರ್ಘಕಾಲದ ಔಷಧವೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನನಗೆ ಭರವಸೆ ಕೊಟ್ಟದ್ದು ಡೆನ್ಮಾರ್ಕಿನ ಒಂದು ಪ್ರಯೋಗ. ಎಂಟು ವಾರಗಳ ಕಟ್ಟುನಿಟ್ಟಿನ ಪಥ್ಯದಲ್ಲಿ ಸರಾಸರಿ 13 ಕಿಲೋ ಇಳಿಸಿಕೊಂಡ 195 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಇದೇ ಜಾತಿಯ ಲಿರಾಗ್ಲುಟೈಡ್, ಮತ್ತೊಂದಕ್ಕೆ ಎರಡೂ, ಉಳಿದದ್ದಕ್ಕೆ ಎರಡೂ ಇಲ್ಲ. ವರ್ಷದ ಕೊನೆಗೆ ಎರಡನ್ನೂ ಪಡೆದವರ ಸ್ಥಿತಿ ಎಲ್ಲರಿಗಿಂತ ಉತ್ತಮವಾಗಿತ್ತು. ಮುಖ್ಯ ಸಂಗತಿ ಆಮೇಲಿನದು. ಔಷಧವನ್ನೂ ಮೇಲ್ವಿಚಾರಣೆಯ ವ್ಯಾಯಾಮವನ್ನೂ ನಿಲ್ಲಿಸಿ ಮತ್ತೊಂದು ವರ್ಷ ಬಿಟ್ಟು ನೋಡಿದಾಗ, ಬರಿಯ ಔಷಧ ಪಡೆದವರಿಗಿಂತ ವ್ಯಾಯಾಮವನ್ನೂ ಮಾಡಿದ್ದವರು ಇಳಿದ ತೂಕವನ್ನು ಹೆಚ್ಚು ಉಳಿಸಿಕೊಂಡಿದ್ದರು. ಮದ್ದು ದೇಹದಿಂದ ಹೋಯಿತು, ರೂಢಿ ಉಳಿಯಿತು.

ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಆದ್ದರಿಂದ ಭಾರ ಎತ್ತುವ ವ್ಯಾಯಾಮ, ಬೇಳೆ, ಕಾಳು, ಮೊಟ್ಟೆ, ಮೊಸರು ಬೇಕೇ ಬೇಕು. ನಮ್ಮ ತಟ್ಟೆಯಲ್ಲಿ ಅನ್ನವೇ ಬೆಟ್ಟದಷ್ಟು, ಕಾಳು ಚಿಟಿಕೆಯಷ್ಟು.

ಇನ್ನು ಗಮನವಿಟ್ಟು ಉಣ್ಣುವುದು. ಅದು ಔಷಧದ ಬದಲಿಯಲ್ಲ, ಜೊತೆಗಾರ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸಮಯ ಹಿಡಿಯುತ್ತದೆ, ಆದರೆ ಮೊಬೈಲ್ ನೋಡುತ್ತಾ ಕಲಸಿದ ಸಾರನ್ನ ಐದೇ ನಿಮಿಷದಲ್ಲಿ ಗಂಟಲಿಳಿಯುತ್ತದೆ. ಹಸಿವಿನ ಕೂಗು ತಗ್ಗಿರುವ ಈ ತಿಂಗಳುಗಳಲ್ಲಿ ನಿಜವಾದ ಹಸಿವನ್ನೂ ಬೇಸರವನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ.

ಅಕ್ಕ ಈಗ ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಅಗಿದು ತಿನ್ನುತ್ತಾಳೆ, ಆಮೇಲೆ ಅನ್ನ. ಔಷಧದ ಪ್ರಮಾಣವನ್ನು ತಾನೇ ಇಳಿಸುವುದಿಲ್ಲ, ಅದನ್ನು ವೈದ್ಯರಿಗೇ ಬಿಟ್ಟಿದ್ದಾಳೆ. ಅಡುಗೆಮನೆಯ ಡಬ್ಬಿಗಳ ಪಕ್ಕ ಸಣ್ಣದೊಂದು ಪುಸ್ತಕ ಇಟ್ಟಿದ್ದಾಳೆ. ಚಕ್ಕುಲಿ ಡಬ್ಬಿ ತೆರೆಯುವ ಮುಂಚೆ ಅದರಲ್ಲಿ ಒಂದು ಸಾಲು ಬರೆಯಬೇಕೆಂಬುದು ಅವಳ ನಿಯಮ. ಮಂಗಳವಾರ ಸಂಜೆ ನಾಲ್ಕೂವರೆಯ ಸಾಲು: "ಹಸಿವಲ್ಲ. ಮಗಳು ಫೋನ್ ಮಾಡಲಿಲ್ಲ."