ಡಾಕ್ಟರ ಶಾಪಿನ ಕಾಂಪೌಂಡರ್ ಎಲ್ಲಿ ಹೋದರು?

ಪ್ರಶ್ನೆ: ನಾವು ಚಿಕ್ಕವರಿದ್ದಾಗ ತೀರ್ಥಹಳ್ಳಿಯಲ್ಲಿ ಡಾಕ್ಟರ ಶಾಪಿಗೆ ಹೋದರೆ ಅಲ್ಲೇ ಕಾಂಪೌಂಡರ್ ಬಾಟಲಿಗೆ ಕೆಂಪು ಔಷಧಿ ತುಂಬಿಸಿ ಕೊಡುತ್ತಿದ್ದರು. ಈಗ ಚೀಟಿ ಬರೆದು ಮೆಡಿಕಲ್‌ಗೆ ಕಳಿಸುತ್ತಾರೆ. ಕಾಂಪೌಂಡರ್ ಕೆಲಸವನ್ನು ಸರ್ಕಾರವೇ ನಿಲ್ಲಿಸಿತೇ? ಈಗಲೂ ತಾವೇ ಮಾತ್ರೆ ಕೊಡುವ ಡಾಕ್ಟರು ಮಾಡುತ್ತಿರುವುದು ಕಾನೂನಿಗೆ ವಿರುದ್ಧವೇ?

ಉತ್ತರ: ಹೊಸನಗರ, ಸಾಗರ, ಕೊಪ್ಪ, ಎಲ್ಲ ಕಡೆಯವರೂ ಕೇಳುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ: ಸರ್ಕಾರ ನಿಲ್ಲಿಸಲಿಲ್ಲ. ಕಾಂಪೌಂಡರ್ ಮಾಡುತ್ತಿದ್ದದ್ದು ಎರಡು ಕೆಲಸ. ಔಷಧಿ ಕೂಡಿಸುವ ಕೆಲಸ ಕಾರ್ಖಾನೆಗೆ ಹೋಯಿತು, ಚೀಟಿ ನೋಡಿ ಕೊಡುವ ಕೆಲಸ ಮೆಡಿಕಲ್ ಸ್ಟೋರಿನ ಫಾರ್ಮಸಿಸ್ಟ್ ಪಾಲಿಗೆ ಬಂತು. ಆದರೆ ಇದು ಹೇಗಾಯಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಆ ಕೆಂಪು ಔಷಧಿಯಿಂದಲೇ ಶುರುಮಾಡೋಣ. ಹೊಟ್ಟೆಯುಬ್ಬರ, ಅಜೀರ್ಣಕ್ಕೆ ಕೊಡುತ್ತಿದ್ದ ಕಾರ್ಮಿನೇಟಿವ್ ಮಿಕ್ಸ್ಚರ್‌ಗೆ ಎಷ್ಟೋ ಸಲ ಆ ಬಣ್ಣ ಬರುತ್ತಿದ್ದದ್ದು ಏಲಕ್ಕಿಯ ಟಿಂಚರ್‌ನಿಂದ. ಏಲಕ್ಕಿ ಕೆಂಪಲ್ಲ ಎಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಬ್ರಿಟಿಷ್ ಫಾರ್ಮಕೋಪಿಯ ಎಂಬ ಅಧಿಕೃತ ಔಷಧಿ ಗ್ರಂಥ ಹೇಳುವ ಆ ಟಿಂಚರ್‌ನಲ್ಲಿ ಏಲಕ್ಕಿ, ದಾಲ್ಚಿನ್ನಿ, ಶಾಜೀರಿಗೆ, ಮದ್ಯಸಾರದ ಜೊತೆಗೆ ಕೋಚಿನೀಲ್ ಎಂಬ ಒಣಗಿಸಿದ ಕೀಟವೂ ಇತ್ತು; ಕೆಂಪು ಅದರದ್ದು. ನಮ್ಮ ಕಡೆಯ ಮಡಿ ಮನೆಗಳಿಗೆ ಈ ವಿಷಯ ಆಗಲೇ ತಿಳಿದಿದ್ದರೆ ಎಷ್ಟು ಬಾಟಲಿ ಹಿತ್ತಲು ಸೇರುತ್ತಿತ್ತೋ!

ಬಾಟಲಿಯನ್ನು ರೋಗಿಯೇ ಮನೆಯಿಂದ ತೊಳೆದು ತರಬೇಕಿತ್ತು. ಕಾಂಪೌಂಡರ್ ಅಳತೆ ಗ್ಲಾಸಿನಲ್ಲಿ ಒಂದೊಂದನ್ನೇ ಅಳೆದು ಸುರಿದು, ನೀರು ಕೂಡಿಸಿ, ಬಿರಡೆ ಒತ್ತಿ, ಕೊನೆಗೆ ಒಂದು ಕಾಗದದ ಪಟ್ಟಿಯನ್ನು ಮಡಿಚಿ ಕತ್ತರಿಯಿಂದ ಕಚ್ಚು ಹಾಕಿ ಬಾಟಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಅಕ್ಷರ ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ‘ಕುಲುಕಿ ಕುಡೀರಿ’ ಎಂದು ಎರಡು ಸಲ ಹೇಳಿ ಕಳಿಸುತ್ತಿದ್ದದ್ದೂ ಸುಮ್ಮನೆ ಅಲ್ಲ, ಕರಗದ ಪುಡಿ ತಳದಲ್ಲಿ ಕೂರುತ್ತಿತ್ತು.

ಜ್ವರದ ಔಷಧಿಯದು ಬೇರೆಯೇ ಕಷ್ಟ. ಮಲೆನಾಡು ಎಂದರೆ ಆಗ ಮಲೇರಿಯಾದ ಸೀಮೆ. ಮೈಸೂರು ಸಂಸ್ಥಾನ 1920ರ ದಶಕದ ಕೊನೆಗೆ ಅಮೆರಿಕದ ದತ್ತಿ ಸಂಸ್ಥೆ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಇಳಿದಾಗ ಆರಿಸಿಕೊಂಡ ಊರುಗಳಲ್ಲಿ ಮೂಡಿಗೆರೆಯೂ ಒಂದು. ಇದ್ದ ಮದ್ದು ಕ್ವಿನೈನ್. ಅದರ ಸಲ್ಫೇಟ್ ಪುಡಿ ನೀರಿನಲ್ಲಿ ಸರಿಯಾಗಿ ಕರಗದು. ನೀರು ಬೆರೆಸಿ ತೆಳು ಮಾಡಿದ ಗಂಧಕಾಮ್ಲವನ್ನು ತುಸು ಹಾಕಿದರೆ ತಿಳಿಯಾಗುತ್ತದೆ. ಅದೇ ಬಾಟಲಿಗೆ ಸೋಡಾದಂಥ ಕ್ಷಾರವೇನಾದರೂ ಬಿದ್ದರೆ ಕ್ವಿನೈನ್ ಮತ್ತೆ ಬೇರ್ಪಟ್ಟು ಕೆಳಗಿಳಿಯುತ್ತದೆ. ಯಾವುದರ ಜೊತೆ ಯಾವುದು ಕೂಡದು ಎಂದು ತಿಳಿದಿರುವುದೇ ಕಾಂಪೌಂಡರ್ ವಿದ್ಯೆಯ ಅರ್ಧ ಭಾಗ.

ಇದರಲ್ಲಿ ಒಂದು ಉದಾಹರಣೆ ನನಗೆ ಈಗಲೂ ಮೈ ಜುಮ್ಮೆನಿಸುತ್ತದೆ. ನಮ್ಮ ಕಾಡಿನ ಕಾಸರಕನ ಬೀಜ ಗೊತ್ತಲ್ಲ, ಅದರಲ್ಲಿರುವ ಸ್ಟ್ರಿಕ್ನಿನ್ ಘೋರ ವಿಷ. ಅದನ್ನೇ ತೀರಾ ಅಲ್ಪ ಪ್ರಮಾಣದಲ್ಲಿ ಹಸಿವಿಗೆ, ಶಕ್ತಿಗೆ ಎಂದು ಟಾನಿಕ್‌ಗೆ ಬೆರೆಸುವ ರೂಢಿ ಇತ್ತು. ನಿದ್ದೆಗೆ, ನರಗಳ ಉದ್ರೇಕ ತಗ್ಗಿಸಲು ಪೊಟ್ಯಾಸಿಯಂ ಬ್ರೋಮೈಡ್ ಬರೆಯುತ್ತಿದ್ದರು. ಇವೆರಡೂ ಒಂದೇ ಚೀಟಿಯಲ್ಲಿ ಬಂದವೆನ್ನಿ. ಕೂಡಿಸುವಾಗ ಏನೂ ಕಾಣಿಸದು, ಬಾಟಲಿ ತಿಳಿಯಾಗಿಯೇ ಇರುತ್ತದೆ. ಹೊತ್ತು ಕಳೆದಂತೆ ಸ್ಟ್ರಿಕ್ನಿನ್ ಬ್ರೋಮೈಡ್ ಸಣ್ಣ ಸಣ್ಣ ಹರಳಾಗಿ ತಳ ಸೇರುತ್ತದೆ. ರೋಗಿ ಮೊದಲ ಹೊತ್ತುಗಳಲ್ಲಿ ಕುಡಿಯುವುದು ಮೇಲಿನ ನೀರನ್ನು. ಬಾಟಲಿ ಬರಿದಾಗುವ ಹೊತ್ತಿಗೆ ಅಷ್ಟೂ ವಿಷ ಒಂದೇ ಗುಟುಕಿಗೆ ಹೊಟ್ಟೆಗೆ ಹೋಗುತ್ತದೆ. ಫಾರ್ಮಸಿ ವಿದ್ಯಾರ್ಥಿಗಳಿಗೆ ತಲೆಮಾರುಗಳ ಕಾಲ ಹೇಳಿಕೊಟ್ಟ ಪಾಠ ಇದು. ಚೀಟಿ ಬರೆದವರು ಇದನ್ನು ಮರೆತರೆ ಹಿಡಿದು ನಿಲ್ಲಿಸಬೇಕಾದವರು ಅಳತೆ ಗ್ಲಾಸು ಹಿಡಿದವರೇ.

ಬರೆಯುವವರೂ ಕೊಡುವವರೂ ಬೇರೆ ಬೇರೆ ಇರಬೇಕೆಂಬ ಯೋಚನೆ ತುಂಬ ಹಳೆಯದು. ಸಿಸಿಲಿಯ ದೊರೆ ಎರಡನೆಯ ಫ್ರೆಡರಿಕ್ 13ನೇ ಶತಮಾನದಲ್ಲೇ ವೈದ್ಯರು ಔಷಧಿ ಅಂಗಡಿಯವರೊಂದಿಗೆ ಪಾಲುದಾರಿಕೆ ಮಾಡಕೂಡದು ಎಂದು ಕಟ್ಟಳೆ ಮಾಡಿದ. ಇಂಗ್ಲೆಂಡಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಅಪೊಥೆಕರಿಗಳೆಂಬ ಔಷಧಿ ಅಂಗಡಿಯವರು 1704ರ ಒಂದು ತೀರ್ಪಿನ ಬಲದಿಂದ ತಾವೇ ರೋಗಿಯನ್ನು ನೋಡಿ ಮದ್ದು ಹೇಳುವ ಹಕ್ಕು ಪಡೆದು ಕ್ರಮೇಣ ಡಾಕ್ಟರೇ ಆಗಿಬಿಟ್ಟರು. ಬ್ರಿಟಿಷರ ಕಾಲದಲ್ಲಿ ನಮ್ಮ ಊರುಗಳಲ್ಲಿ ಬೇರುಬಿಟ್ಟದ್ದೂ ಈ ಬೆರಕೆ ಪದ್ಧತಿಯೇ: ನೋಡುವವರು ಡಾಕ್ಟರು, ಔಷಧಿ ಅವರದೇ ಶಾಪಿನದು, ಬೆರೆಸುವುದಕ್ಕೆ ಅವರ ಕೈಕೆಳಗೊಬ್ಬ ಕಾಂಪೌಂಡರ್.

ನಮ್ಮವರಿಗೆ ಇದು ಹೊಸದಾಗಿಯೂ ಕಾಣಲಿಲ್ಲ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದ ಎನ್ನುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಔಷಧಿ ಮಾರುವವನಿಗೆ ಅದರಲ್ಲಿ ಬೇರೆ ಜಾಗ ಇಲ್ಲ. ಪಂಡಿತರು ತಾವೇ ಕಷಾಯ ಕಾಸಿ, ತಾವೇ ಚೂರ್ಣ ಕುಟ್ಟಿ ಕೊಡುತ್ತಿದ್ದರು. ನಾಟಿ ವೈದ್ಯರಂತೂ ಗಿಡದ ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂದು ನಂಬಿದವರು. ಬೇರು, ತೊಗಟೆ, ಹಿಪ್ಪಲಿ ಬೇಕಾದರೆ ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿ ಇತ್ತು. ಏನು ಸಾಮಾನು ಎಂದು ಅವರಿಗೆ ಗೊತ್ತಿರುತ್ತಿತ್ತೇ ಹೊರತು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಅವರು ವಿಚಾರಿಸಬೇಕಾಗಿರಲಿಲ್ಲ.

ಕಾನೂನು ಬಂದದ್ದು ಕಲಬೆರಕೆಯ ಗಲಾಟೆಯಿಂದ. 1920ರ ದಶಕದಲ್ಲಿ ಕಲಬೆರಕೆ ಔಷಧಿಗಳ, ಅದರಲ್ಲೂ ಸತ್ವವಿಲ್ಲದ ಕ್ವಿನೈನ್‌ನ ಮೇಲೆ ದೇಶದಲ್ಲೆಲ್ಲ ದೂರು ಎದ್ದಿತು. 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಔಷಧಿಗೂ ಕಾನೂನು ಬೇಕು, ಔಷಧಿ ಕೊಡುವವರಿಗೂ ಕಲಿಕೆ ಮತ್ತು ನೋಂದಣಿ ಬೇಕು ಎಂದು ಸಮಿತಿ ಮರುವರ್ಷ ವರದಿ ಕೊಟ್ಟಿತು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಫಾರ್ಮಸಿ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು.

ನಿಮ್ಮ ಪ್ರಶ್ನೆಗೆ ನೇರವಾಗಿ ತಗಲುವುದು ಈ 1948ರ ಕಾಯ್ದೆ. ಇದು ಕಾಂಪೌಂಡರುಗಳನ್ನು ಮನೆಗೆ ಕಳಿಸಲಿಲ್ಲ. ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಕನಿಷ್ಠ 5 ವರ್ಷ ಔಷಧಿ ಕೂಡಿಸಿದ ಅನುಭವ ಇದ್ದವರಿಗೆ ಮೊದಲ ನೋಂದಣಿ ಪಟ್ಟಿಯಲ್ಲೇ ಜಾಗ ಕೊಟ್ಟಿತು. ಹೀಗಾಗಿ ನಿನ್ನೆಯ ಕಾಂಪೌಂಡರ್ ಎಷ್ಟೋ ಕಡೆ ಇವತ್ತಿನ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಆದರು. ಮುಂದೆ ಬಂದವರಿಗೆ ಮಾತ್ರ ಓದು ಕಡ್ಡಾಯವಾಯಿತು. ಈಗ ಡಿ.ಫಾರ್ಮ್‌ಗೆ ಎರಡು ವರ್ಷ ಮತ್ತು ಅದರ ಮೇಲೆ ತರಬೇತಿ, ಬಿ.ಫಾರ್ಮ್‌ಗೆ ನಾಲ್ಕು ವರ್ಷ.

ಕಾನೂನಿಗಿಂತ ಹೆಚ್ಚು ಕಾಂಪೌಂಡರನ್ನು ಬದಲಿಸಿದ್ದು ಪೆನಿಸಿಲಿನ್. ಆ ಔಷಧಿಯನ್ನು ಶಾಪಿನ ಮೇಜಿನ ಮೇಲೆ ಕೂಡಿಸುವಂತಿಲ್ಲ, ನೀರಿನಲ್ಲಿ ಬಹಳ ದಿನ ಬಾಳುವುದೂ ಇಲ್ಲ. 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್, 1961ರಲ್ಲಿ ಐಡಿಪಿಎಲ್ ಎಂಬ ಎರಡು ಸರ್ಕಾರಿ ಔಷಧಿ ಕಂಪನಿಗಳು ಶುರುವಾದವು. ಔಷಧಿಗಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂದ 1970ರ ಪೇಟೆಂಟ್ ಕಾಯ್ದೆ ಬಂದ ಮೇಲೆ ನಮ್ಮ ಕಂಪನಿಗಳು ಅಗ್ಗದ ಮಾತ್ರೆಗಳನ್ನು ರಾಶಿ ರಾಶಿ ಮಾಡತೊಡಗಿದವು. ಅಳತೆ ಗ್ಲಾಸಿಗೆ ಕೆಲಸ ಇಲ್ಲದಂತಾಯಿತು.

ಹಳೆಯ ಬಾಟಲಿಯ ಬಗ್ಗೆ ಹಂಬಲಿಸುವವರ ಜೊತೆ ನಾನು ಪೂರ್ತಿ ಸೇರಲಾರೆ. ಒಳಗೇನಿದೆ ಎಂದು ಕುಡಿದವರಿಗೆ ತಿಳಿಯುತ್ತಿರಲಿಲ್ಲ. ಆಸ್ಪಿರಿನ್, ಫಿನಾಸಿಟಿನ್, ಕೆಫೀನ್ ಸೇರಿದ ಎಪಿಸಿ ಪುಡಿಯ ಪೊಟ್ಟಣ ಎಷ್ಟು ಮನೆಗಳಲ್ಲಿ ಇರಲಿಲ್ಲ? ಅದರ ಫಿನಾಸಿಟಿನ್ ಮೂತ್ರಪಿಂಡ ಕೆಡಿಸುತ್ತದೆ ಎಂದು ಆಮೇಲೆ ನಿಷೇಧವಾಯಿತು. ಇವತ್ತಿನ ಸ್ಟ್ರಿಪ್ ಮೇಲೆ ಹೆಸರು, ಬ್ಯಾಚ್, ಅವಧಿ ಮುಗಿಯುವ ತಿಂಗಳು ಎಲ್ಲ ಇರುತ್ತದೆ. ನಿಜವಾಗಿ ಕಳೆದುಕೊಂಡದ್ದು ‘ಊಟ ಆದ ಮೇಲೆ ತಗೊಳ್ಳಿ, ಇದರ ಜೊತೆ ಅದು ಬೇಡ’ ಎನ್ನುವ ಮಾತನ್ನು. ಚೀಟಿಯ ಮೇಲೆ ಕೊಡುವ ಔಷಧಿ ಫಾರ್ಮಸಿಸ್ಟ್ ಖುದ್ದು ಉಸ್ತುವಾರಿಯಲ್ಲಿ ಕೈಸೇರಬೇಕು ಎನ್ನುತ್ತದೆ ನಿಯಮ. ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿ, ಅದರಲ್ಲಿ ಹೆಸರಿರುವವರು ಕೌಂಟರಿನಲ್ಲೇ ಇಲ್ಲದಿದ್ದರೆ ಆ ನಿಯಮ ಯಾತಕ್ಕೆ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವ ಅಜ್ಜ ಮಂಡಿನೋವಿಗೆ ಇನ್ನೊಂದು ಕೇಳಿದಾಗ ಬೇಡವೆನ್ನಬೇಕಾದವರು ಅವರು. ಅವರು ಇದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಎರಡನೆಯ ಪ್ರಶ್ನೆ. ಡಾಕ್ಟರು ತಮ್ಮದೇ ರೋಗಿಗಳಿಗೆ ಔಷಧಿ ಕೊಡುವುದಕ್ಕೆ ಔಷಧ ಕಾಯ್ದೆ, ಫಾರ್ಮಸಿ ಕಾಯ್ದೆ ಎರಡರಲ್ಲೂ ವಿನಾಯಿತಿ ಇದೆ. ಅಂಗಡಿಯಂತೆ ಬಂದವರಿಗೆಲ್ಲ ಮಾರುವಂತಿಲ್ಲ. ಲೈಸೆನ್ಸ್ ಇರುವವರಿಂದಲೇ ಕೊಂಡು ಅದರ ಲೆಕ್ಕ ಇಡಬೇಕು. ಮೆಡಿಕಲ್ ಸ್ಟೋರ್ ಹತ್ತಾರು ಕಿಲೋಮೀಟರ್ ದೂರ ಇರುವ ನಮ್ಮ ಘಟ್ಟದ ಊರುಗಳಲ್ಲಿ ಈ ವಿನಾಯಿತಿ ಇಲ್ಲದೆ ನಡೆಯುವುದೂ ಕಷ್ಟ. ನೀವು ಮಾಡಬೇಕಾದದ್ದು ಇಷ್ಟೇ: ಪೊಟ್ಟಣದ ಮೇಲೆ ಮಾತ್ರೆಯ ಹೆಸರು ಬರೆಸಿಕೊಳ್ಳಿ. ಸರಿರಾತ್ರಿ ಜೀಪಿನಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದಾಗ ಡ್ಯೂಟಿ ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಯಾವ ಮಾತ್ರೆ ತಗೊಂಡಿದ್ರಿ?’ ಎಂಬುದೂ ಒಂದು. ‘ಬಿಳಿದು, ಸಣ್ಣದು’ ಎಂದರೆ ಅವರಿಗೇನೂ ತಿಳಿಯುವುದಿಲ್ಲ.