ಮಗನ ಉಬ್ಬಸ ಇಳಿಯಿತು, ತಾಯಿಯದು ಏರಿತು

ಆ ಹುಡುಗ ಮೊದಲ ಸಲ ನನ್ನ ಹತ್ತಿರ ಬಂದಾಗ ಅವನಿಗೆ ಎಂಟು ವರ್ಷ. ರಾತ್ರಿಯಾದರೆ ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಈಗ ಅವನಿಗೆ ಹದಿನಾರು, ಕಬಡ್ಡಿ ಆಡುತ್ತಾನೆ. ಬಾಯಿಗಿಟ್ಟು ಔಷಧಿ ಎಳೆಯುವ ಪಂಪ್ (ಇನ್‌ಹೇಲರ್) ಬೇಕಾಗುವುದೇ ಅಪರೂಪ. ಹೋದ ಮಳೆಗಾಲದಲ್ಲಿ ಅವನು ಹೊರಗೆ ಮೊಬೈಲ್ ಹಿಡಿದು ಕೂತಿದ್ದ, ಉಬ್ಬಸ ಅಂತ ಒಳಗೆ ಬಂದವರು ಅವನ ತಾಯಿ. "ಇವನದ್ದು ನನಗೆ ಅಂಟಿಕೊಂಡ್ತಾ ಡಾಕ್ಟ್ರೇ?" ಅಂದರು.

ಆಸ್ತಮಾ ಅಂಟುವ ಕಾಯಿಲೆ ಅಲ್ಲ. ಆದರೆ ಅವರು ಕಂಡಿದ್ದು ಸುಳ್ಳಲ್ಲ. ಚಿಕ್ಕಂದಿನಲ್ಲಿ ಆಸ್ತಮಾ ಗಂಡುಮಕ್ಕಳಿಗೇ ಜಾಸ್ತಿ. ಮೈನೆರೆಯುವ ವಯಸ್ಸು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ದೊಡ್ಡವರಲ್ಲಿ ಹೆಂಗಸರಿಗೇ ಹೆಚ್ಚು, ಆಸ್ಪತ್ರೆ ಸೇರುವವರಲ್ಲೂ ಅವರೇ ಹೆಚ್ಚು.

ಚಿಕ್ಕ ಹುಡುಗರದ್ದು ಒಂದು ಮಟ್ಟಿಗೆ ಕೊಳವೆಯ ತೊಂದರೆ. ಶ್ವಾಸಕೋಶದ ಅಳತೆಗೆ ಹೋಲಿಸಿದರೆ ಅವರ ಉಸಿರಿನ ಕೊಳವೆ ಕಿರಿದು. ಸ್ವಲ್ಪ ಶೀತವಾಗಿ ಒಳಗೋಡೆ ಊದಿದರೂ ಸಾಕು, ಸೀಟಿ ಶುರು. ಬೆಳೆಯುತ್ತಾ ಕೊಳವೆ ಅಗಲವಾಗುತ್ತದೆ.

ಇನ್ನೊಂದು ಕಥೆ ರಕ್ತದಲ್ಲಿದೆ. ಹಾಸಿಗೆ ಧೂಳಿನ ಹುಳವೋ, ಕಾಂಗ್ರೆಸ್ ಗಿಡದ ಪರಾಗವೋ ಒಳಗೆ ಹೋದಾಗ ಕೊಳವೆಯಲ್ಲಿರುವ ಕಾವಲು ಕಣಗಳು ಗಲಾಟೆ ಎಬ್ಬಿಸುತ್ತವೆ. ಅವುಗಳಲ್ಲಿ ಐಎಲ್‌ಸಿ-2 ಅನ್ನುವ ಒಂದು ಜಾತಿ ಇದೆ. ಇವು ಹೊರಬಿಡುವ ರಾಸಾಯನಿಕಗಳಿಂದ ಕಫ ಹೆಚ್ಚುತ್ತದೆ, ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬಂದು ಗುಂಪುಗಟ್ಟುತ್ತವೆ. 2017ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಹೆಣ್ಣಿಲಿಗಳ ಶ್ವಾಸಕೋಶದಲ್ಲಿ ಐಎಲ್‌ಸಿ-2 ಜಾಸ್ತಿ ಕಂಡವು. ಬೀಜ ತೆಗೆದ ಗಂಡಿಲಿಗಳಲ್ಲೂ ಅವು ಹೆಚ್ಚಿದವು. ಅಂದರೆ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಇವುಗಳಿಗೆ ಮೂಗುದಾರ ಹಾಕಿ ಹಿಡಿದಿರುತ್ತದೆ. ಹೆಣ್ಣು ಹಾರ್ಮೋನು ಈಸ್ಟ್ರೋಜೆನ್ ಸಾಮಾನ್ಯವಾಗಿ ಅಲರ್ಜಿಗೆ ಒತ್ತಾಸೆ. ಇಲಿಯಲ್ಲಿ ಕಂಡಿದ್ದೆಲ್ಲ ಮನುಷ್ಯರಿಗೆ ಹಾಗೇ ಒಪ್ಪುವುದಿಲ್ಲ, ನಿಜ. ಆದರೂ ಹದಿಹರೆಯದಲ್ಲಿ ಲೆಕ್ಕ ತಿರುಗುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಆ ತಾಯಿಗೆ ನಾನು ಕೇಳಿದ ಪ್ರಶ್ನೆ ಬೇರೆ. "ಮುಟ್ಟಿಗೆ ಮುಂಚೆ ಉಬ್ಬಸ ಜಾಸ್ತಿ ಆಗುತ್ತಾ ಅಮ್ಮ?" ಮೊದಲೆಲ್ಲ ಸಂಕೋಚಕ್ಕೆ ನಾನೂ ಕೇಳುತ್ತಿರಲಿಲ್ಲ. ಅವರಾಗಿ ಹೇಳುವವರೂ ಕಡಿಮೆ. "ಗಮನಿಸಿಲ್ಲ" ಅಂದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಉಬ್ಬಸದಿಂದ ಎದ್ದು ಕೂತ ರಾತ್ರಿಗಳಿಗೆ ಒಂದು ಗೀಟು ಹಾಕಿ ಅಂದೆ. ಎರಡು ತಿಂಗಳ ಮೇಲೆ ಆ ಹಾಳೆಗಳನ್ನು ಹರಿದೇ ತಂದರು. ಅರ್ಧ ಲೀಟರ್, ಒಂದು ಲೀಟರ್‌ಗಳ ನಡುವೆ ಗೀಟುಗಳು. ಎರಡೂ ತಿಂಗಳು ಮುಟ್ಟಿಗೆ ಮೂರ್ನಾಲ್ಕು ದಿನ ಮುಂಚೆ ಒತ್ತಾಗಿ ಬಿದ್ದಿದ್ದವು. ಆ ಹೊತ್ತಿಗೆ ಹೆಣ್ಣು ಹಾರ್ಮೋನುಗಳು ಇಳಿಮುಖವಾಗಿರುತ್ತವೆ; ಅವುಗಳ ಮಟ್ಟ ಮಾತ್ರವಲ್ಲ, ಈ ಏರಿಳಿತವೂ ಉಬ್ಬಸ ಕೆರಳಿಸಬಹುದು.

ಅವರು ಉಬ್ಬಸ ಬಂದಾಗ ಮಾತ್ರ ನೀಲಿ ಪಂಪ್ ಎಳೆಯುತ್ತಿದ್ದರು. ಅದು ಆ ಕ್ಷಣಕ್ಕೆ ಕೊಳವೆ ಸಡಿಲಿಸುತ್ತದೆ, ಊತ ಇಳಿಸುವುದಿಲ್ಲ. ಊತಕ್ಕೆ ಸ್ಟೆರಾಯ್ಡ್ ಇರುವ ಪಂಪ್ ದಿನವೂ ಬೇಕು. ಅದನ್ನು ಶುರು ಮಾಡಿದ ಮೇಲೆ ಗೀಟುಗಳು ವಿರಳವಾದವು. ಹೊಟ್ಟೆನೋವಿಗೆ ಯಾವ ಮಾತ್ರೆ ನುಂಗುತ್ತೀರಿ ಅಂತಲೂ ಕೇಳಿದೆ. ಕೆಲವು ಆಸ್ತಮಾ ರೋಗಿಗಳಿಗೆ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ತರಹದ ನೋವಿನ ಮಾತ್ರೆಯೇ ಉಬ್ಬಸ ಕೆರಳಿಸುತ್ತದೆ. ಆಗ ಸುಮ್ನೆ ಮುಟ್ಟಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಇವರು ಬಿಸಿನೀರಿನ ಶಾಖ ಬಿಟ್ಟು ಏನೂ ಮಾಡುತ್ತಿರಲಿಲ್ಲ.

ಬಸುರಿಯಾದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಆಸ್ತಮಾ ಹೆಚ್ಚುತ್ತದೆ, ಒಬ್ಬರಿಗೆ ಇಳಿಯುತ್ತದೆ, ಒಬ್ಬರಿಗೆ ಇದ್ದ ಹಾಗೇ ಇರುತ್ತದೆ. ಮಗುವಿಗೆ ಏನಾದರೂ ಆದೀತೆಂದು ಹೆದರಿ ಪಂಪ್ ಬಿಟ್ಟು ಬರುವವರನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಮ್ಲಜನಕ ಸಾಲದು.

ಮೊನ್ನೆ ಆ ಹುಡುಗನ ತಾಯಿ ಹೊರಡುವಾಗ ಬಾಗಿಲ ಹತ್ತಿರ ನಿಂತರು. ಮನೆಯಲ್ಲಿ ಹನ್ನೊಂದರ ಮಗಳಿದ್ದಾಳಂತೆ. ಬೆಳಗ್ಗೆ ಎದ್ದ ಕೂಡಲೇ ಹತ್ತಿಪ್ಪತ್ತು ಸೀನು, ದಿನವಿಡೀ ಮೂಗು ತಿಕ್ಕುತ್ತಿರುತ್ತಾಳೆ. "ಎದೆಯಲ್ಲೇನೂ ಸದ್ದಿಲ್ಲ, ಬಿಡಿ" ಅಂದರು. ಮುಂದಿನ ಸಲ ಅವಳನ್ನೂ ಕರೆದುಕೊಂಡು ಬನ್ನಿ ಅಂದೆ.