ಫಿಲ್ಲರ್ ಎಪಿಸೋಡ್: ಕತೆ ನಿಂತಲ್ಲೇ ನಿಲ್ಲುವ ದಿನ

ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಬೆಳಗಿನ ರೈಲಿನಲ್ಲಿ ಹಿಂದಿನ ರಾತ್ರಿಯ ಸೀರಿಯಲ್ ಮಾತು ಬಂದೇ ಬರುತ್ತದೆ. ‘ನಿನ್ನೆ ನೋಡಕ್ಕಾಗ್ಲಿಲ್ಲ ಕಣ್ರೀ, ಏನಾಯ್ತು?’ ಅಂತ ಒಬ್ಬರು ಕೇಳುತ್ತಾರೆ. ‘ಏನೂ ಆಗ್ಲಿಲ್ಲ ಬಿಡ್ರೀ, ಸುಮ್ನೆ ಎಳೆದ್ರು’ ಅಂತ ಉತ್ತರ ಬಂದರೆ, ನಿನ್ನೆಯದು ಫಿಲ್ಲರ್ ಎಪಿಸೋಡ್. ಅದನ್ನು ನೋಡದಿದ್ದರೂ ಮುಂದಿನ ಕತೆ ಪೂರ್ತಿ ಅರ್ಥವಾಗುತ್ತದೆ.

ಅಂಥ ಸಂಚಿಕೆ ಹೇಗಿರುತ್ತದೆ? ಯಾರೋ ಬಾಗಿಲು ಬಡಿಯುತ್ತಾರೆ. ಅತ್ತೆ ತಿರುಗಿ ನೋಡುತ್ತಾರೆ, ಸೊಸೆ ನೋಡುತ್ತಾಳೆ, ಮೈದುನ ಎದ್ದು ನಿಲ್ಲುತ್ತಾನೆ. ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಮೂರು ಮೂರು ಸಲ ಹೋಗುತ್ತದೆ. ನಡುವೆ ಹೋದ ವಾರದ ಜಗಳವನ್ನೇ ಮತ್ತೆ ತೋರಿಸುತ್ತಾರೆ. ಸೊಸೆ ಚಿಲಕಕ್ಕೆ ಕೈ ಹಾಕುವಾಗ ‘ಮುಂದುವರಿಯುವುದು’.

ಇದಕ್ಕೆ ಕಾರಣಗಳಿವೆ. ದಿನದ ಸೀರಿಯಲ್ ವಾರಕ್ಕೆ ಐದಾರು ದಿನ ಬರಬೇಕು. ಜಾಹೀರಾತು ಕಳೆದರೂ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷದಷ್ಟು ದೃಶ್ಯ ಬೇಕೇ ಬೇಕು. ಮುಖ್ಯ ಕಲಾವಿದರಿಗೆ ಹುಷಾರಿಲ್ಲ, ಡೇಟ್ಸ್ ಸಿಗಲಿಲ್ಲ ಅಂದರೆ ದೊಡ್ಡ ದೃಶ್ಯ ಮುಂದಕ್ಕೆ ಹೋಗುತ್ತದೆ. ಪ್ರಸಾರ ಮಾತ್ರ ನಿಲ್ಲುವಂತಿಲ್ಲ. ಟಿಆರ್‌ಪಿ ಚೆನ್ನಾಗಿದ್ದರಂತೂ ಮುಗಿಯಬೇಕಾದ ಕತೆಯೂ ಮುಗಿಯುವುದಿಲ್ಲ. ಮದುವೆಯ ದೃಶ್ಯವನ್ನು ಮಹಾಸಂಚಿಕೆಗೆ ಅಂತ ಇಟ್ಟುಕೊಂಡರೆ ಅಲ್ಲಿವರೆಗಿನ ದಿನಗಳನ್ನು ಹೇಗೋ ತುಂಬಿಸಬೇಕಲ್ವಾ?

‘ಫಿಲ್ಲರ್’ ಅನ್ನುವ ಪದವನ್ನು ಹುಡುಗರ ಬಾಯಿಗೆ ತಂದದ್ದರಲ್ಲಿ ಅನಿಮೆಗಳ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ ಪಾಲು ದೊಡ್ಡದು. ‘ನರುಟೊ’ ಮೊದಲು ಪತ್ರಿಕೆಯಲ್ಲಿ ವಾರವಾರ ಬರುತ್ತಿದ್ದ ಕಾಮಿಕ್ಸ್ ಕತೆ. ಟಿವಿ ಸಂಚಿಕೆಗಳು ಅದರ ಬೆನ್ನಿಗೇ ಬಂದುಬಿಟ್ಟವು. ಮೂಲ ಕತೆ ಮುಂದೆ ಹೋಗಲಿ ಅಂತ ಅದರಲ್ಲಿಲ್ಲದ ಪ್ರಸಂಗಗಳನ್ನು ತಾವೇ ಹೆಣೆದರು. ಮೊದಲ ಸರಣಿಯ 220 ಸಂಚಿಕೆಗಳಲ್ಲಿ ಕೊನೆಯ 80ರಷ್ಟು ಹೆಚ್ಚುಕಡಿಮೆ ಇಂಥವೇ.

ಅಭಿಮಾನಿಗೆ ಬೇಜಾರು ಜಾಸ್ತಿ ಆಗುವುದು ಇಲ್ಲೇ. ಇಷ್ಟವಿಲ್ಲದ ಸೀರಿಯಲ್ ಆದರೆ ಚಾನೆಲ್ ಬದಲಾಯಿಸಿ ಮರೆಯುತ್ತಾನೆ. ಇಷ್ಟಪಟ್ಟದ್ದಕ್ಕೆ ಅಡುಗೆ ಬೇಗ ಮುಗಿಸಿ, ಮಕ್ಕಳ ಹೋಂವರ್ಕ್ ಮುಂಚೆಯೇ ಮಾಡಿಸಿ ಕೂತಿರುತ್ತಾರೆ. ಆ ಪಾತ್ರಗಳು ಹೇಗೆ ಮಾತಾಡುತ್ತವೆ, ಯಾವುದಕ್ಕೆ ಸಿಟ್ಟಾಗುತ್ತವೆ ಅಂತ ನೋಡುವವರಿಗೆ ಚೆನ್ನಾಗಿ ಗೊತ್ತು. ಜಾಣೆ ಅಂತ ನಂಬಿದ್ದ ನಾಯಕಿ ಸಂಚಿಕೆ ತುಂಬಿಸಲಿಕ್ಕೆಂದು ಇದ್ದಕ್ಕಿದ್ದಂತೆ ಪೆದ್ದಿಯಾದರೆ ನಿಜವಾಗಲೂ ನೋವಾಗುತ್ತದೆ.

ಹಾಗಂತ ನಿಧಾನವಾದದ್ದೆಲ್ಲ ಫಿಲ್ಲರ್ ಅಲ್ಲ. ಅಮೆರಿಕದ ಟಿವಿ ಸರಣಿ ‘ಬ್ರೇಕಿಂಗ್ ಬ್ಯಾಡ್’ನಲ್ಲಿ 2010ರಲ್ಲಿ ಬಂದ ‘ಫ್ಲೈ’ ಎಂಬ ಸಂಚಿಕೆ ಹೆಚ್ಚುಕಡಿಮೆ ಪೂರ್ತಿ ಒಂದೇ ಲ್ಯಾಬ್‌ನಲ್ಲಿ ನಡೆಯುತ್ತದೆ. ಖರ್ಚು ಉಳಿಸಲು ಹಾಗೆ ಮಾಡಿದರು. ಮುಖ್ಯ ಪಾತ್ರಗಳಾದ ವಾಲ್ಟರ್ ಮತ್ತು ಜೆಸ್ಸಿ ಸೇರಿ ಒಂದು ನೊಣ ಹಿಡಿಯಲು ಒದ್ದಾಡುತ್ತಾರೆ, ಅಷ್ಟೇ. ಅದನ್ನೂ ಫಿಲ್ಲರ್ ಅನ್ನುವ ಅಭಿಮಾನಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ವಾಲ್ಟರ್ ತಾನು ಮುಚ್ಚಿಟ್ಟ ತಪ್ಪನ್ನು ಜೆಸ್ಸಿಗೆ ಹೇಳಿಯೇಬಿಡುತ್ತಾನೇನೋ ಅನ್ನುವಷ್ಟು ಹತ್ತಿರ ಬರುತ್ತಾನೆ. ಆ ರಾತ್ರಿ ನೋಡದೆ ಬಿಟ್ಟವರಿಗೆ ಅವನೊಳಗಿನ ಆ ಭಯ ಗೊತ್ತೇ ಆಗುವುದಿಲ್ಲ.